ವೀಕ್ಷಾ ಸೀಮಂತಕ್ಕೆ ಹೋಗಲಿಲ್ಲ

ಉಡುಪಿ ಕಡೆಯ ಮೋನಪ್ಪ ಚೆನ್ನೈನ ಮೈಲಾಪೂರಿನ ಒಂದು ಹೋಟೆಲಿನಲ್ಲಿ ದೋಸೆ ಹುಯ್ಯುತ್ತಾನೆ. ರಾಯಪುರಂನಲ್ಲಿರುವ ಅವನ ತಂಗಿ ವೃಂದಾಳಿಗೆ ಭಾನುವಾರ ಸೀಮಂತ. ಮದುವೆಯಾಗಿ ಒಂಬತ್ತು ವರ್ಷಕ್ಕೆ ನಿಂತ ಬಸಿರು.

ಶುಕ್ರವಾರ ಸಂಜೆ ಮೋನಪ್ಪನ ಹೆಂಡತಿ ಅಮ್ಮಣ್ಣಿ, ಮಗಳು ವೀಕ್ಷಾಳಿಗೆ ಹೊಸ ಲಂಗ ತೊಡಿಸಿ ನೋಡುತ್ತಿದ್ದಳು. ಅಷ್ಟರಲ್ಲಿ ಕೆಳಮನೆಯ ಜಯಲಕ್ಷ್ಮೀ ಬಂದರು. ಅವರು ಆರೋಗ್ಯ ಕೇಂದ್ರದಲ್ಲಿ ನರ್ಸ್.

"ಶಾಲೇಲಿ ವೀಕ್ಷಾ ಪಕ್ಕ ಕೂರೋ ಮಾನ್ಯಾಗೆ ಅಮ್ಮ ಆಗಿದೆಯಂತೆ, ಅದೇ ಚಿಕನ್ ಪಾಕ್ಸ್. ಇಬ್ಬರೂ ಕಡೇ ಸಲ ಜೊತೇಲಿ ಇದ್ದದ್ದು ಎಂದು?"

"ಹೋದ ವಾರ, ಸೋಮವಾರ," ಎಂದಳು ಅಮ್ಮಣ್ಣಿ. "ಅವತ್ತು ಸಂಜೆಯೇ ಮಾನ್ಯಾಗೆ ಗುಳ್ಳೆ ಎದ್ದದ್ದು."

ಮೋನಪ್ಪ ನಕ್ಕ. "ಹನ್ನೊಂದು ದಿನ ಆಯ್ತಲ್ಲ ಮಾಮಿ. ಬರುವುದಿದ್ದರೆ ಇಷ್ಟೊತ್ತಿಗೆ ಬರ್ತಿತ್ತು. ಇವಳಿಗೆ ಜ್ವರ ಸಹ ಇಲ್ಲ."

"ಎನಕ್ಕು ಒಣ್ಣುಮೇ ಇಲ್ಲಪ್ಪಾ," ತನಗೇನೂ ಆಗಿಲ್ಲವೆಂದು ವೀಕ್ಷಾಳೂ ತಮಿಳಿನಲ್ಲಿ ಹೇಳಿದಳು.

ಜಯಲಕ್ಷ್ಮೀ ಕುರ್ಚಿ ಎಳೆದು ಕೂತರು. "ಹುಷಾರಾಗಿರಬೇಕಾದ್ದು ಈಗಲೇ, ಮೋನಪ್ಪ. ಇದು ಮೈಗೆ ಸೇರಿ ಹತ್ತರಿಂದ ಇಪ್ಪತ್ತೊಂದು ದಿನದೊಳಗೆ ಯಾವಾಗ ಬೇಕಾದರೂ ಗುಳ್ಳೆ ಏಳಬಹುದು. ಅದಕ್ಕೆ ಒಂದೆರಡು ದಿನ ಮುಂಚಿನಿಂದಲೇ ಬೇರೆಯವರಿಗೆ ಹರಡತ್ತೆ. ನೋಡೋಕೆ ಮಗು ಚೆನ್ನಾಗೇ ಇರತ್ತೆ. ವೃಂದಾಗೆ ಚಿಕ್ಕವಯಸ್ಸಲ್ಲಿ ಆಗಿತ್ತಾ?"

"ನನಗೂ ಅಮ್ಮಣ್ಣಿಗೂ ಆಗಿದೆ," ಎಂದ ಮೋನಪ್ಪ. " ಅವಳಿಗೆ ಇಲ್ಲ."

"ಬಸುರಿಗೆ ಬಂದರೆ ತಾಯಿಗೂ ಅಪಾಯ, ಮಗುವಿಗೂ ಅಪಾಯ."

ಮೋನಪ್ಪ ತಲೆ ಕೆರೆದುಕೊಂಡ. "ಸೋದರಸೊಸೆಯೇ ಬರದಿದ್ದರೆ ವೃಂದಾನ ಅತ್ತೆ ಮನೆಯವರು ಎಂತ ಹೇಳ್ತಾರೋ."

"ಎಂತ ಬೇಕಾದರೂ ಹೇಳಲಿ," ಎಂದಳು ಅಮ್ಮಣ್ಣಿ. "ಅವಳು ಒಂಬತ್ತು ವರ್ಷ ಕಾದಿದ್ದಾಳೆ. ನಾವು ಹತ್ತು ದಿನ ಕಾಯುವ."

ಫೋನಿನಲ್ಲಿ ವಿಷಯ ಕೇಳಿ ವೃಂದಾ ಮುನಿಸಿಕೊಂಡಳು. ಭಾನುವಾರ ಮೋನಪ್ಪ ಒಬ್ಬನೇ ಹೋಗಿ ಬಂದ.

ಸೋಮವಾರ ಬೆಳಿಗ್ಗೆ ಸ್ನಾನ ಮಾಡಿಸುವಾಗ ವೀಕ್ಷಾಳ ಬೆನ್ನಮೇಲೆ ನಾಲ್ಕು ಗುಳ್ಳೆ ಕಂಡವು. ಮೋನಪ್ಪ ಬಗ್ಗಿ ನೋಡಿದ. "ಕರೆದುಕೊಂಡು ಹೋಗಿದ್ದರೆ ನಿನ್ನೆ ಇವಳು ವೃಂದಾನ ಪಕ್ಕವೇ ಕೂತಿರ್ತಿದ್ದಳು," ಎಂದ.

ಜಯಲಕ್ಷ್ಮೀ ಶಾಲೆಗೆ ತಿಳಿಸಿದರು. ಯಾವ ಮಗು ಯಾರ ಜೊತೆ ಯಾವತ್ತು ಕೂತಿತ್ತೆಂದು ಟೀಚರು ಬರೆದುಕೊಂಡು, ಮನೆಮನೆಗೆ ಎಚ್ಚರಿಕೆ ಹೇಳಿ ಕಳಿಸಿದರು. ಗುಳ್ಳೆಗಳೆಲ್ಲ ಒಣಗುವ ತನಕ ವೀಕ್ಷಾ ಮನೆಯಲ್ಲೇ ಇದ್ದಳು. ಎರಡು ತಿಂಗಳ ಮೇಲೆ ವೃಂದಾ ಹೆಣ್ಣುಮಗುವನ್ನು ಹೆತ್ತಳು. ತಾಯಿ ಮಗು ಇಬ್ಬರೂ ಆರೋಗ್ಯವಾಗಿದ್ದರು.

ನಿಮ್ಮ ಅಕ್ಕಪಕ್ಕ ಯಾರಿಗಾದರೂ ಅಂಟುರೋಗ ಬಂದರೆ, ಅವರ ಜೊತೆ ಕಡೆಯ ಸಲ ಇದ್ದ ದಿನ ಯಾವುದೆಂದು ಬರೆದಿಡಿ. ಎಷ್ಟು ದಿನ ಕಾಯಬೇಕೆಂದು ಆರೋಗ್ಯ ಕೇಂದ್ರದಲ್ಲಿ ಕೇಳಿ. ಒಂದೊಂದು ರೋಗಕ್ಕೆ ಒಂದೊಂದು ಲೆಕ್ಕ. ಅಷ್ಟು ದಿನ ಬಸುರಿಯರು, ಹಸುಗೂಸುಗಳು, ವಯಸ್ಸಾದವರು ಇರುವ ಕಡೆ ಹೋಗಬೇಡಿ, ಮೈ ಚೆನ್ನಾಗಿದೆ ಅನ್ನಿಸಿದರೂ.