ಗೇಟಿನ ತನಕ

ಈ ಕಥೆಯನ್ನು ಮೊದಲು ಹೇಳಿದವನು ಹಳೆಯ ಕಾರುಗಳನ್ನು ಮಾರಿಸಿಕೊಡುವ ಒಬ್ಬ ದಲ್ಲಾಳಿ. ಹೋದ ಬೇಸಿಗೆಯಲ್ಲಿ, ಅವನ ತಂಗಿಯ ಮದುವೆಯ ಸಂಜೆ, ಊಟ ಮುಗಿದು ಜನ ಅಂಗಳದಲ್ಲಿ ಗಾಳಿಗೆ ಕುಳಿತಿದ್ದಾಗ. ಕಥೆಯಲ್ಲಿನ ಗಂಡನ ಮನಸ್ಸಿನೊಳಗಿನದು ನಿನಗೆ ಹೇಗೆ ತಿಳಿಯಿತೆಂದು ಯಾರೋ ಕೇಳಿದ್ದಕ್ಕೆ, ಅಂದು ಅಂಗಡಿ ಮುಚ್ಚುವವರೆಗೂ ಆ ಮನುಷ್ಯ ತನ್ನ ಜೊತೆಯಲ್ಲೇ ಇದ್ದ, ಎಲ್ಲವನ್ನೂ ಅವನೇ ಹೇಳಿಕೊಂಡ ಎಂದ.

"ಹೊಸದನ್ನ ಯಾಕೆ ಮಾರಿಬಿಟ್ರು?" ಎಂದು ಗಂಡನ ಜೊತೆ ಕಾರು ನೋಡಲು ಬಂದಿದ್ದ ಹೆಂಡತಿ ದಲ್ಲಾಳಿಯನ್ನು ಕೇಳಿದಳು. ಕಾರಿನ ಸೀಟುಗಳ ಪ್ಲಾಸ್ಟಿಕ್ ಹೊದಿಕೆಯನ್ನು ಕೂಡ ಯಾರೂ ತೆಗೆದಿರಲಿಲ್ಲ.

"ಬೇರೆ ಊರಿಗೆ ಹೋದ್ರು, ಮೇಡಂ. ಗಂಡ ಹೆಂಡ್ತಿ ಇಬ್ರೂ."

"ಒಂದೇ ಊರಿಗಾ?"

ದಲ್ಲಾಳಿ ಕಿಟಕಿಯ ಗಾಜನ್ನು ಒರೆಸತೊಡಗಿದ. ಅದು ಮೊದಲೇ ಸ್ವಚ್ಛವಾಗಿತ್ತು.

ಕಾಲೇಜಿನಲ್ಲಿ ತರ್ಕಶಾಸ್ತ್ರ ಕಲಿಸುವ ಗಂಡನಿಗೆ ಈ ಪ್ರಶ್ನೆ ಹಿಡಿಸಿತು. ಆಟ ಶುರುವಾಗಿದೆ ಎಂದುಕೊಂಡ.

ಆಟವೆಂದರೆ ಇಷ್ಟೇ. ಏನನ್ನೇ ಕೊಳ್ಳುವಾಗಲೂ ಅವನು ಮೆಚ್ಚಬೇಕು, ಅವಳು ಹುಳುಕು ತೆಗೆಯಬೇಕು. ಬೆಲೆಯ ಮಾತು ಬಂದೊಡನೆ ಅವಳು ಬೇಡವೆಂದು ಗೇಟಿನ ತನಕ ನಡೆದುಬಿಡಬೇಕು. ಅವನು ತಿರುಗಿ ನೋಡಬಾರದು. ನೋಡಿದರೆ ಮಾರುವವನಿಗೆ ಗುಟ್ಟು ಗೊತ್ತಾಗುತ್ತದೆ. ಮಂಚ, ಫ್ರಿಜ್ಜು, ಬಾಡಿಗೆಯ ಮನೆ, ಎಲ್ಲವೂ ಹೀಗೇ ದಕ್ಕಿದ್ದವು. ಆಮೇಲೆ ದಾರಿಯುದ್ದಕ್ಕೂ ಇಬ್ಬರೂ ನಗುತ್ತಿದ್ದರು. ತಾವು ಒಂದೇ ಕಡೆ ನಿಂತದ್ದು ಅಂಗಡಿಗಳಲ್ಲಿ ಮಾತ್ರವೆಂದು ಈಚೆಗೆ ಅವನಿಗೆ ಅನ್ನಿಸತೊಡಗಿತ್ತು.

ಹಿಂದಿನ ವಾರ ತಟ್ಟೆ ತೊಳೆಯುತ್ತ, ಬೆನ್ನು ತಿರುಗಿಸಿಕೊಂಡೇ ಅವಳು ಕೇಳಿದ್ದಳು: "ನಾವು ಯಾಕೆ ಒಟ್ಟಿಗಿದ್ದೀವಿ, ಹೇಳ್ತೀರಾ? ಉತ್ತರ ಇಲ್ಲ ಅಂದ್ರೆ ನಾನು ಅಕ್ಕನ ಮನೆಗೆ ಹೊರಡ್ತೀನಿ. ಈ ಸಲ ವಾಪಸ್ ಬರೋಕಲ್ಲ."

ತರ್ಕಶಾಸ್ತ್ರದವನು ಕೆಲವು ದಿನ ಬಿಟ್ಟು, "ಒಂದು ಕಾರು ತಗೊಳ್ಳೋಣ" ಎಂದ. ಅವಳು ಕಾರು ನೋಡಲು ಬರುತ್ತೇನೆಂದಳು. ಅದನ್ನು ಅವನು ಒಪ್ಪಿಗೆಯೆಂದೇ ಎಣಿಸಿದ. ಇವತ್ತು ಕಾರು ಮನೆಗೆ ಬಂದರೆ ಅವಳೂ ಉಳಿಯುತ್ತಾಳೆ. ಅವನ ವಾದವೆಲ್ಲ ನಿಂತದ್ದು ಈ ಒಂದು ವಾಕ್ಯದ ಮೇಲೆ.

ಓಡಿಸಿ ನೋಡಲು ಹೊರಟಾಗ ದಲ್ಲಾಳಿ ಅವಳಿಗೆಂದು ಮುಂದಿನ ಬಾಗಿಲು ತೆರೆದ. ಅವಳು ತಾನೇ ಹಿಂದಿನದನ್ನು ತೆರೆದುಕೊಂಡು ಕುಳಿತಳು.

"ಮುಂದೆ ಬಾ," ಎಂದ ಗಂಡ.

"ಇಲ್ಲೇ ಚೆನ್ನಾಗಿದೆ. ದಾರಿ ಹೇಳೋ ತಾಪತ್ರಯ ಇರಲ್ಲ."

"ಮೇಡಂ ಹೇಳದೇ ಇದ್ರೆ ಸಾರ್ ದಾರಿ ತಪ್ಪಲ್ವಾ?" ಎಂದು ದಲ್ಲಾಳಿ ನಗುತ್ತ ಮುಂದೆ ಕುಳಿತ.

"ತಪ್ಪೋಕೆ ಎಲ್ಲಿಗಾದ್ರೂ ಹೊರಟಿರಬೇಕಲ್ಲ," ಎಂದಳು ಅವಳು.

ಕನ್ನಡಿಯಲ್ಲಿ ಅವಳ ಅರ್ಧ ಮುಖ ಕಾಣುತ್ತಿತ್ತು. ಓಡಿಸುತ್ತಿದ್ದ ಗಂಡ ಕನ್ನಡಿಯನ್ನು ಸರಿಪಡಿಸಿದ. ಹಿಂದಿನ ರಸ್ತೆ ಪೂರ್ತಿಯಾಗಿ ಕಂಡಿತು, ಅವಳು ಕಾಣಲಿಲ್ಲ.

ಹಿಂತಿರುಗಿ ಬಂದು ಇಳಿದ ಮೇಲೆ ದಲ್ಲಾಳಿ ಬೆಲೆ ಹೇಳಿದ.

"ಬೇಡ," ಎಂದಳು.

"ಏನು ಬೇಡ?" ಪಾತ್ರಕ್ಕೆ ತಕ್ಕಂತೆ ಗಂಡ ಕೇಳಿದ.

"ಇದು. ಇದೆಲ್ಲ."

ಕೊನೆಯ ಮಾತು ಹೊಸ ಸೇರ್ಪಡೆ. ಎಷ್ಟು ಸಹಜವಾಗಿ ಹೇಳಿದಳೆಂದು ಅವನಿಗೆ ಹೆಮ್ಮೆಯಾಯಿತು. ಬೇರೆ ಅಂಗಡಿಗಳಲ್ಲಿ ಅವಳು ದನಿ ಏರಿಸುತ್ತಿದ್ದಳು. ಇಂದು ಏರಿಸಲಿಲ್ಲ.

"ನಾನು ಹೊರಟೆ ಕಣ್ರೀ," ಎಂದು ಅವನ ಬೆನ್ನ ಹಿಂದೆ ಒಂದು ಗಳಿಗೆ ನಿಂತಳು. ಅವನು ತಿರುಗಲಿಲ್ಲ. ಜಲ್ಲಿಯ ಮೇಲೆ ಚಪ್ಪಲಿಯ ಸದ್ದು ದೂರವಾಯಿತು.

"ಅವಳು ಒಪ್ಪದೆ ನಾನೇನೂ ಮಾಡೋ ಹಾಗಿಲ್ಲ," ಎಂದು ಅವನು ಕೈಚೆಲ್ಲಿದ.

"ಮೇಡಮ್ಮಿಗೋಸ್ಕರ ಸ್ವಲ್ಪ ಇಳಿಸ್ತೀನಿ."

"ಸ್ವಲ್ಪಕ್ಕೆಲ್ಲ ಬಗ್ಗೋಳಲ್ಲ."

ದಲ್ಲಾಳಿ ಇಳಿಸಿದ, ಗೊಣಗಿದ, ಮತ್ತೆ ಇಳಿಸಿದ. ಇಷ್ಟು ದೊಡ್ಡ ಗೆಲುವು ಅವರಿಗೆ ಎಂದೂ ಸಿಕ್ಕಿರಲಿಲ್ಲ. ನಗುವನ್ನು ಅವಳಿಗೆಂದು ಬಾಯಲ್ಲೇ ಹಿಡಿದಿಟ್ಟುಕೊಂಡು ಅವನು ಗೇಟಿಗೆ ನಡೆದ.

ಅಲ್ಲಿ ಕಾವಲುಗಾರನೊಬ್ಬನೇ ಇದ್ದ. "ಬಸ್ ಹತ್ತಿದ್ರಲ್ಲ, ಸಾರ್."

ಬೇರೆಯವರು ಈ ಕಥೆ ಹೇಳುವಾಗ ಅವಳು ನಡೆದೇ ಹೋಗುತ್ತಾಳೆ. ದಲ್ಲಾಳಿಯ ಕಥೆಯಲ್ಲಿ ಬಸ್ಸಿದೆ.

"ಕೈ ಏನಾದ್ರೂ ಬೀಸಿದಳಾ?"

"ಬೀಸಿದ್ರು. ಬಸ್ಸಿಗೆ."

ಫೋನು ಮಾಡಿದ. ಎರಡು ಸಲ ಬಡಿದುಕೊಂಡು ಅದು ನಿಂತಿತು. ಒಳಗೆ ಬಂದು, "ನಮ್ಮ ಪದ್ಧತಿನೇ ಹೀಗೆ, ಬರ್ತಾಳೆ," ಎಂದು ದಲ್ಲಾಳಿಗೆ ಹೇಳಿದ. ಪದ್ಧತಿಯನ್ನೆಲ್ಲ ಬಿಡಿಸಿ ವಿವರಿಸಿದ. ವಿವರಿಸುತ್ತ ಹೋದಂತೆ ಅದು ಬೇರೆ ಯಾರದೋ ಮನೆಯ ಸಂಗತಿಯಂತೆ ಅವನಿಗೇ ಕೇಳಿಸಿತು.

ದಲ್ಲಾಳಿ ಕೇಳಿದ: "ಇನ್ನೂ ಸ್ವಲ್ಪ ಇಳಿಸಿದ್ರೆ ಬರ್ತಾರಾ, ಸಾರ್?"

ಅವನ ದನಿಯಲ್ಲಿ ತಮಾಷೆ ಇರಲಿಲ್ಲ.

ಹೊತ್ತು ಮುಳುಗಿತು. ಉಳಿದ ಕಾರುಗಳಿಗೆ ಮುಸುಕು ಹಾಕಿ ಆಯಿತು. ಗಂಡ ಸ್ಟೀರಿಂಗಿನ ಹಿಂದೆ ಕುಳಿತು ಬೆಲ್ಟ್ ಹಾಕಿಕೊಂಡ. ತನ್ನ ಹೆಗಲ ಚೀಲವನ್ನು ಪಕ್ಕದ ಸೀಟಿನ ಮೇಲಿಟ್ಟು ಕೀ ತಿರುಗಿಸಿದ. ಕಾರು ಟಿಣ್ ಟಿಣ್ ಎಂದು ಬಡಿದುಕೊಳ್ಳತೊಡಗಿತು.

ದಲ್ಲಾಳಿ ಕಿಟಕಿಗೆ ಬಗ್ಗಿದ. "ಪಕ್ಕದಲ್ಲಿ ಯಾರೋ ಬೆಲ್ಟ್ ಹಾಕದೆ ಕೂತಿದ್ದಾರೆ ಅಂದ್ಕೊಂಡಿದೆ, ಸಾರ್. ಚೀಲ ತೆಗೀರಿ, ಸುಮ್ಮನಾಗುತ್ತೆ."

ಗಂಡ ಚೀಲವನ್ನು ತೆಗೆಯಲಿಲ್ಲ. ಬಾಗಿ, ಆ ಕಡೆಯ ಬೆಲ್ಟನ್ನು ನಿಧಾನವಾಗಿ ಎಳೆದು, ಚೀಲಕ್ಕೆ ಅಡ್ಡಲಾಗಿ ತಂದು ಸಿಕ್ಕಿಸಿದ.

ಕಾರು ನಂಬಿತು.

"ಕಾರು ತಗೊಂಡನೋ ಇಲ್ಲವೋ?" ಎಂದು ಮದುವೆಯ ಅಂಗಳದಲ್ಲಿ ಕಥೆ ಕೇಳುತ್ತಿದ್ದ ಮದುಮಗನ ಚಿಕ್ಕಪ್ಪ ದಲ್ಲಾಳಿಯನ್ನು ಕೇಳಿದರು. ಅವರ ಹೆಂಡತಿ ಅಷ್ಟರಲ್ಲಿ ಎದ್ದು ಬೀದಿಗೆ ಇಳಿದಾಗಿತ್ತು. ಉಳಿದವರೂ ಸೆರಗು ಪಂಚೆ ಕೊಡವಿಕೊಂಡು ಎದ್ದರು, ಕತ್ತಲಲ್ಲಿ ಚಪ್ಪಲಿ ಹುಡುಕಿಕೊಂಡರು, ಒಬ್ಬೊಬ್ಬರಾಗಿ ಮನೆಗೆ ಹೋದರು.