ಮರಳುಗಲ್ಲಿನ ಶಿವಗಂಗಾ

ಯಾವ ಕಲ್ಲು ಕೈಗೆ ಸಿಕ್ಕರೂ ಶಿವಗಂಗಾ ಅದನ್ನು ಮೊದಲು ನಾಲಗೆಯ ತುದಿಗೆ ಮುಟ್ಟಿಸುತ್ತಾರೆ. ಮಾಡದಕೆರೆಯಲ್ಲಿ ಹುಟ್ಟಿ, ಅನಿಲ ಶೋಧಿಸುವ ಸಂಸ್ಥೆಯೊಂದರಲ್ಲಿ ಭೂವಿಜ್ಞಾನಿಯಾಗಿ ದುಡಿದು, ನಿವೃತ್ತಿಯ ಬಳಿಕ ಚಿತ್ರದುರ್ಗದಲ್ಲಿ ನನ್ನ ನೆರೆಯವರಾದ ಈ ಗಂಭೀರೆ, ಬೇಸಿಗೆಯಲ್ಲೂ ಜೇಬು ಜೋತುಬಿದ್ದ ಖಾಕಿ ಕೋಟು ತೊಟ್ಟು ಕೋಟೆಯ ಹಾದಿಯಲ್ಲಿ ಹೀಗೆ ಮಾಡುವಾಗ ಜನ ನಿಂತು ನೋಡುತ್ತಾರೆ.

"ತೇವ ಹೀರಿದ್ರೆ ಒಳಗೆ ಜಾಗ ಐತೆ ಅಂತ. ನಮ್ಮ ದುರ್ಗದ ಕಲ್ಲು ಏನೂ ಹೀರಲ್ಲ ಬಿಡ್ರಿ" ಎನ್ನುತ್ತಾರೆ.

ಅವರ ಆಯುಷ್ಯವೆಲ್ಲ ಸಂದದ್ದು ಮೈಲುಗಟ್ಟಲೆ ಆಳದಲ್ಲಿ ಹುದುಗಿದ ಮರಳುಗಲ್ಲಿನ ಅಧ್ಯಯನಕ್ಕೆ. ಪುರಾತನ ನದಿಯೊಂದರ ಮರಳು ಅಷ್ಟು ಆಳಕ್ಕಿಳಿದಾಗ ಮೇಲಿನ ಭಾರಕ್ಕೆ ಕಣಗಳು ಒತ್ತೊತ್ತಾಗಿ ಸೇರುತ್ತವೆ. ಬಿಸಿನೀರಿನಲ್ಲಿ ಕರಗಿಬಂದ ಸಿಲಿಕಾ ಉಳಿದ ರಂಧ್ರಗಳನ್ನೂ ತುಂಬಿ ಕಣಗಳನ್ನು ಬೆಸೆಯುತ್ತದೆ. ಕಣಗಳಿಗೆ ಹಸಿರು ಜೇಡಿಯ ತೆಳುಲೇಪವಿದ್ದರೆ ಮಾತ್ರ ಆ ಬೆಸುಗೆ ಹಿಡಿಯದೆ, ಅನಿಲ ನಿಲ್ಲಲು ಎಡೆ ಉಳಿಯುತ್ತದೆ. ಎಲ್ಲರೂ ಕೈಬಿಡಲಿದ್ದ ಅನಿಲಬಾವಿಯೊಂದರ ಕಲ್ಲಿನಲ್ಲಿ ಆ ಲೇಪವನ್ನು ಸೂಕ್ಷ್ಮದರ್ಶಕದಿಂದ ಕಂಡ ಶಿವಗಂಗಾ, ಅದನ್ನು ಹಟಹಿಡಿದು ಕೊರೆಯಿಸಿದರು. ಅನಿಲ ಸಿಕ್ಕಿತು.

ಆ ಗೆಲುವಿನ ಭರದಲ್ಲಿ ಎರಡನೆಯ ಬಾವಿಗೆ, ಶಿಲಾಸ್ತರವನ್ನು ಸೀಳಿದ ದೊಡ್ಡ ಬಿರುಕೊಂದರ ಅಂಚಿನಲ್ಲಿ ಜಾಗ ಗುರುತಿಸಿದರು. ಹೊಳಲ್ಕೆರೆಯ ಕಿರಿಯ ಸಹೋದ್ಯೋಗಿ ಚೇತನ್‌ಕುಮಾರ್, ಆ ಬಿರುಕಿನಗುಂಟ ಬಿಸಿನೀರು ಹರಿದು ಕಲ್ಲು ಪೂರ್ತಿ ಬೆಸೆದಿರಬಹುದೆಂದು ಎಚ್ಚರಿಸಿದ. ಅವರು ಕೇಳಲಿಲ್ಲ. ಬಾವಿಯಲ್ಲಿ ಅನಿಲ ಸಿಗಲಿಲ್ಲ. ವಿಚಾರಣೆಯ ಸಭೆಯಲ್ಲಿ ಅಧಿಕಾರಿಯೊಬ್ಬರು ಕಲ್ಲಿನ ಪರೀಕ್ಷೆಯ ಲೋಪವೆಂದು ಚೇತನ್‌ನತ್ತ ಬೆರಳು ತೋರಿದಾಗ ಶಿವಗಂಗಾ ಎದ್ದುನಿಂತು, ಅವನು ಸರಿಯಾಗಿಯೇ ಹೇಳಿದ್ದ, ತಪ್ಪು ನನ್ನದು ಎಂದರು. ತಂಡದ ಮುಖ್ಯಸ್ಥೆಯ ಸ್ಥಾನ ಹೋಯಿತು. ಬಾವಿಗಳಿಂದ ಕೊರೆದು ತೆಗೆದ ಕಲ್ಲುಗಳನ್ನು ಕೂಡಿಡುವ ಗೋದಾಮಿಗೆ ವರ್ಗವಾಯಿತು.

"ಯಾಕ್ ಹೇಳಿದ್ರಿ ಮೇಡಂ? ನನಗೆ ಬ್ಯಾರೆ ಕೆಲಸ ಸಿಕ್ತಿತ್ತು" ಎಂದು ಚೇತನ್ ಅತ್ತನಂತೆ.

"ಸಿಕ್ತಿತ್ತಪ್ಪ. ಆದ್ರೆ ಇನ್ನೊಂದ್ಸಲ ದೊಡ್ಡೋರ ಎದ್ರು ಬಾಯಿ ಬಿಡ್ತಿದ್ಯಾ?"

ನಿವೃತ್ತಿಯವರೆಗೂ ಅವರು ಆ ಗೋದಾಮಿನಲ್ಲಿ ಸೋತ ಬಾವಿಯ ಕಲ್ಲುಗಳನ್ನೇ ಪರೀಕ್ಷಿಸುತ್ತ, ಬಿರುಕಿನಿಂದ ಎಷ್ಟು ದೂರದವರೆಗೆ ಬೆಸುಗೆ ಹಬ್ಬಿರಬಹುದೆಂದು ಚೇತನ್‌ಗೆ ಬಿಡಿಸಿ ಹೇಳಿದರು. ಕಳೆದ ವರ್ಷ ಅವನು ಮೂರನೆಯ ಬಾವಿಯನ್ನು ಅವರು ಹೇಳಿದ್ದಕ್ಕಿಂತಲೂ ಇನ್ನಷ್ಟು ದೂರ ಸರಿಸಿ ಕೊರೆಯಿಸಿದ; ಅನಿಲ ಬಂತು. ಸುದ್ದಿ ಹೇಳಲು ದುರ್ಗಕ್ಕೆ ಬಂದಾಗ ನಾನೂ ಅಲ್ಲಿದ್ದೆ. ಶಿವಗಂಗಾ, "ನಾನು ಹೇಳಿದ ಜಾಗದಾಗೆ ಕೊರೆದಿದ್ರೆ?" ಎಂದರು.

ಅವನು ತಡವರಿಸಿದ. "ಅಲ್ಲೂ ಗಟ್ಟಿ ಕಲ್ಲೇ ಸಿಕ್ತಿತ್ತು ಮೇಡಂ."

"ಹಂಗಾದ್ರೆ ನಾನು ಎಲ್ಲಿ ತಪ್ಪಿದ್ದು? ಕುಂತ್ಕ, ಹೇಳು" ಎಂದು ತಮ್ಮ ಕುರ್ಚಿಯನ್ನು ಅವನ ಹತ್ತಿರಕ್ಕೆಳೆದುಕೊಂಡರು.

ಪಾಂಡಿತ್ಯವಿದ್ದವರು ನಮ್ಮಲ್ಲಿ ಕಡಿಮೆಯಿಲ್ಲ. ತಾವು ತಪ್ಪಿದ ಎಡೆಯನ್ನು ಬಾಳಿನ ಸಂಜೆಯಲ್ಲೂ ಕುತೂಹಲದಿಂದ ಹುಡುಕುವವರು ವಿರಳ. ಇಂಥವರ ಎದುರು ಕಿರಿಯರು ಹೆದರುವುದಿಲ್ಲ. ಅದರಿಂದಲೇ ಸತ್ಯ, ತಡವಾಗಿಯಾದರೂ, ಇವರ ಕಿವಿಗೆ ಬೀಳುತ್ತದೆ.