ಬಲಗೈಯ ವಾಚು

ಹತ್ತೊಂಬತ್ತು ಬೇಹುಗಾರರಲ್ಲಿ ಎಂಟು ಮಂದಿ ಸಯನೈಡ್ ನುಂಗಿ ಸತ್ತಿದ್ದರು. ನಾಲ್ವರು ದುಬೈ ವಿಮಾನ ನಿಲ್ದಾಣದಲ್ಲಿ ಸಿಕ್ಕಿಬಿದ್ದಿದ್ದರು. ಒಬ್ಬನಂತೂ ಹಲಸಿನ ಹಣ್ಣಿನೊಳಗೆ ವೈರ್‌ಲೆಸ್ ಇಟ್ಟುಕೊಂಡು ಕುಂಸಿ ಬಸ್ಸು ಹತ್ತಿದ್ದ. ಶಿವರಾಜ್ ನಗುತ್ತ ಅವನಿಗೆ ಹತ್ತಕ್ಕೆ ಏಳು ಅಂಕ ಕೊಟ್ಟ.

ಅದು ಎರಡು ಸಾವಿರದ ಏಳನೇ ಇಸವಿ. ಶಿವರಾಜ್ ಗಾಂಧಿ ಬಜಾರಿನ ಔಷಧಿ ಹೋಲ್‌ಸೇಲ್ ಅಂಗಡಿಯೊಂದರಲ್ಲಿ ಬಿಲ್ ಹಾಕುತ್ತಿದ್ದ. ಬಿಡುವಾದಾಗ ಅದೇ ಕಂಪ್ಯೂಟರಿನಲ್ಲಿ ‘ಚುಟುಕು ಬಳಗ’ದ ಇ-ಮೇಲ್‌ಗಳನ್ನು ಓದುತ್ತಿದ್ದ. ಬಳಗದಲ್ಲಿ ಐವತ್ತು ಜನರಿದ್ದರು; ಹೆಚ್ಚಿನವರು ಒಬ್ಬರ ಮುಖ ಒಬ್ಬರು ನೋಡಿದವರಲ್ಲ. ಎರಡು ತಿಂಗಳಿಗೊಮ್ಮೆ ಒಂದು ಸ್ಪರ್ಧೆ, ಕಥೆ ನೂರು ಪದ ದಾಟುವಂತಿಲ್ಲ. ಈ ಸಲದ ವಿಷಯ ಬೇಹುಗಾರ; ಹತ್ತೊಂಬತ್ತು ಕಥೆ ಬಂದಿದ್ದವು. ಹಿಂದಿನ ಸಲ ಗೆದ್ದವರೇ ಈ ಸಲದ ತೀರ್ಪುಗಾರರು; ಹಿಂದಿನ ಸಲ ಗೆದ್ದವನು ಶಿವರಾಜ್. ಬಳಗ ನಡೆಸುವ ವಿದ್ಯಾಶ್ರೀ ಹೆಸರು ತೆಗೆದು ಕಥೆಗಳನ್ನು ಕಳಿಸುತ್ತಿದ್ದಳು. ಎಷ್ಟೇ ಕೆಟ್ಟ ಕಥೆಯಾಗಲಿ, ತೀರ್ಪುಗಾರ ಅದರ ಬಗ್ಗೆ ಎರಡು ಸಾಲು ಬರೆಯಲೇಬೇಕು. ಆಮೇಲೆ ಕಥೆ, ಕಥೆಗಾರರ ಹೆಸರು, ಆ ಎರಡು ಸಾಲು, ಮೂರೂ ಎಲ್ಲರಿಗೂ ಹೋಗುತ್ತಿದ್ದವು.

ಶಿವರಾಜ್ ಕಥೆಗಳನ್ನು ಬಿಲ್ ಕಾಗದದ ಹಿಂಬದಿಯಲ್ಲಿ ಪ್ರಿಂಟ್ ತೆಗೆದು ಆಲ್ಕೊಳದ ಮನೆಗೆ ತಂದಿದ್ದ. ಹದಿಮೂರು ಮುಗಿಸಿ ಹದಿನಾಲ್ಕನೆಯದನ್ನು ಕೈಗೆತ್ತಿಕೊಂಡ. ಅದರ ಹೆಸರು ‘ನೆರಳಿನ ಕೆಲಸ’.

“ಅವನ ಹತ್ತಿರ ಪಿಸ್ತೂಲು ಇರಲಿಲ್ಲ. ಕುಲುಮೆಯ ಮುಂದೆ ಕೆಲಸ. ವಾಚು ಎಡಗೈಯಲ್ಲಿದ್ದರೆ ಹೇಳುವುದು ಏನೂ ಇಲ್ಲ. ಬಲಗೈಯಲ್ಲಿದ್ದರೆ ಮ್ಯಾನೇಜರು ಸಂಜೆ ಕರೆಸುತ್ತಿದ್ದರು. ಮುಷ್ಕರದ ಹಿಂದಿನ ದಿನ ವಾಚು ಬಲಗೈಯಲ್ಲಿತ್ತು. ಏಳು ಹೆಸರು ಹೇಳಿದ. ಏಳೂ ಜನ ಗೇಟಿನ ಹೊರಗಾದರು. ಅವನಿಗೆ ನೆರಳಿನ ಕೆಲಸ ಸಿಕ್ಕಿತು. ಇವತ್ತಿನವರೆಗೂ ಯಾರೂ ಅವನನ್ನು ಹಿಡಿದಿಲ್ಲ.”

ಶಿವರಾಜ್ ಎರಡನೇ ಸಲ ಓದಲಿಲ್ಲ. ಒಂದೇ ಸಲಕ್ಕೆ ಬಾಯಿಪಾಠವಾಗಿಬಿಟ್ಟಿತ್ತು.

ಅವನ ಅಪ್ಪ ಏಕಾಂತಪ್ಪ ಭದ್ರಾವತಿಯ ಒಂದು ಖಾಸಗಿ ಎರಕದ ಕಾರ್ಖಾನೆಯಲ್ಲಿ ಇಪ್ಪತ್ತೆಂಟು ವರ್ಷ ದುಡಿದು ನಿವೃತ್ತನಾದವನು. ಆ ಕಾಲದಲ್ಲಿ ಕೆಲವು ದಿನ ವಾಚನ್ನು ಬಲಗೈಗೆ ಕಟ್ಟುತ್ತಿದ್ದ. ಕೇಳಿದರೆ ಎಡಗೈಗೆ ತುರಿ ಅನ್ನುತ್ತಿದ್ದ. ಅವ್ವ ಕಲ್ಲಮ್ಮ ಬದುಕಿರುವ ತನಕ ಆ ಕೈಗೆ ಕೊಬ್ಬರಿ ಎಣ್ಣೆ ಹಚ್ಚಿದಳು. ಮುಷ್ಕರದ ವರ್ಷ ಏಳು ಜನರ ಕೆಲಸ ಹೋಯಿತು. ಅವರಲ್ಲಿ ಮೊದಲಿನವನು ಆಗ ಭದ್ರಾವತಿಯಲ್ಲಿ ಪಕ್ಕದ ಮನೆಯಲ್ಲಿದ್ದ ಸಿದ್ದಯ್ಯ. ಅದಾದ ತಿಂಗಳಿಗೆ ಏಕಾಂತಪ್ಪ ಕುಲುಮೆಯ ಮುಂದಿನಿಂದ ಹಾಜರಿ ಬರೆಯುವ ಟೈಮ್ ಆಫೀಸಿನ ಫ್ಯಾನಿನ ಕೆಳಗೆ ಬಂದ.

ಮರುದಿನ ಶಿವರಾಜ್ ವಿದ್ಯಾಶ್ರೀಗೆ ಫೋನ್ ಮಾಡಿ, ಹದಿನಾಲ್ಕನೆಯದು ಯಾರದ್ದೆಂದು ಕೇಳಿದ.

“ಫಲಿತಾಂಶ ಬರೋ ತನಕ ಹೆಸರು ಹೇಳೋ ಹಾಗಿಲ್ಲ ಮಾರಾಯ. ಕಳೆದ ಸಲ ನಿನ್ನ ಹೆಸರನ್ನ ನಾನು ಯಾರಿಗಾದ್ರೂ ಬಿಟ್ಕೊಟ್ಟಿದ್ನಾ?” ಅಂದಳು. ಯಾರೋ ಹೊಸಬರು, ಇದೇ ಮೊದಲು ಬರೆದಿರುವುದು ಎಂದಷ್ಟೇ ಹೇಳಿದಳು.

ಕಾರ್ಖಾನೆಯೊಳಗಿನ ಈ ಸಂಗತಿ ಬಲ್ಲ ಹೊಸಬರು ಯಾರು? ಸಿದ್ದಯ್ಯನ ಮಗಳು ಸೌಂದರ್ಯ ನೆನಪಾದಳು. ಭದ್ರಾವತಿಯಲ್ಲೇ ಕನ್ನಡ ಟೀಚರು, ಶಾಲೆಯಲ್ಲಿದ್ದಾಗಲೇ ಪ್ರಬಂಧಕ್ಕೆ ಬಹುಮಾನ ತೆಗೆದುಕೊಂಡವಳು. ಈ ಸಲದ ತೀರ್ಪುಗಾರ ಯಾರೆಂದು ತಿಳಿದೇ ಕಳಿಸಿದ್ದಾಳೆ. ನಮಗೆಲ್ಲ ಗೊತ್ತಿದೆ ಕಣಪ್ಪ, ಈಗ ತೀರ್ಪು ಕೊಡು ಅನ್ನುತ್ತಿದ್ದಾಳೆ. ಹೀಗೆ ಲೆಕ್ಕ ಹಾಕಿದ ಮೇಲೆ ಅವನಿಗೆ ಬೇರೆ ದಾರಿಯೇ ಕಾಣಲಿಲ್ಲ. ಒಂಬತ್ತು ಅಂಕ ಬರೆದು ಅಳಿಸಿದ, ಎರಡು ಬರೆದು ಅಳಿಸಿದ. ಮೇಲಿಟ್ಟರೆ ಅಪ್ಪನನ್ನು ತಾನೇ ಬೀದಿಗೆ ತಂದಂತೆ, ಕೆಳಗಿಟ್ಟರೆ ಮಗ ಮುಚ್ಚಿಹಾಕಿದ ಅನ್ನುತ್ತಾರೆ. ಹೋಗಿ ಕಾಲಿಗೆ ಬಿದ್ದು, ಹೆಸರು ಹೊರಗೆ ಬರುವ ಮುಂಚೆ ಕಥೆ ವಾಪಸ್ ತಗೊಳ್ಳಿ ಎಂದು ಬೇಡಿಕೊಳ್ಳುವುದೇ ಸರಿ ಅನ್ನಿಸಿತು.

ಅಪ್ಪ ಊಟಕ್ಕೆ ಕೂತಾಗ ಎರಡು ದಿನದಿಂದ ಸ್ಪರ್ಧೆಯ ಕಥೆಗಳ ಬಗ್ಗೆಯೇ ಕೇಳುತ್ತಿದ್ದ. ಶನಿವಾರವೂ ಕೇಳಿದ, ಎಲ್ಲ ಓದಿ ಆಯಿತಾ ಎಂದು. ಆಯಿತು ಅಂದ ಶಿವರಾಜ್.

“ಒಂದೂ ಹಿಡಿಸ್ಲಿಲ್ವಾ?”

“ಇಲ್ಲ.”

ಅಪ್ಪ ಮಜ್ಜಿಗೆ ಅನ್ನ ಅರ್ಧಕ್ಕೆ ಬಿಟ್ಟು ಎದ್ದ. ಶಿವರಾಜನಿಗೆ ಅವನ ಮುಖ ನೋಡಲಾಗುತ್ತಿರಲಿಲ್ಲ, ಹಾಗಾಗಿ ಅದನ್ನು ಗಮನಿಸಲಿಲ್ಲ.

ಭಾನುವಾರ ಬೆಳಿಗ್ಗೆ ಅಪ್ಪನಿಗೆ ಹೇಳದೆ ಭದ್ರಾವತಿ ಬಸ್ಸು ಹತ್ತಿದ. ಆಡಬೇಕಾದ ಮಾತನ್ನು ದಾರಿಯುದ್ದಕ್ಕೂ ಜೋಡಿಸಿಕೊಂಡ. ಕೆಲಸ ಹೋದ ಮೇಲೆ ಸಿದ್ದಯ್ಯ ಹೊಸಮನೆಯಲ್ಲಿ ಸೈಕಲ್ ರಿಪೇರಿ ಅಂಗಡಿ ಇಟ್ಟಿದ್ದ. ಈಗ ಮಂಡಿ ಹಿಡಿದುಕೊಂಡು ಮನೆಯಲ್ಲೇ ಇದ್ದ. ಶಿವರಾಜನನ್ನು ಕಂಡು ಅವನಿಗೆ ನಿಜಕ್ಕೂ ಸಂತೋಷವಾಯಿತು. “ಏನಪ್ಪಾ, ನಿಮ್ಮಪ್ಪನ ಹಂಗೇ ಹೊಟ್ಟೆ ಬಂದಿದೆಯಲ್ಲೋ” ಎಂದು ಪಕ್ಕದಲ್ಲೇ ಕೂರಿಸಿಕೊಂಡ. ಹೆಂಡತಿ ಸಾವಿತ್ರಮ್ಮನಿಗೆ ಟೀ ಇಡಲು ಕೂಗಿ ಹೇಳಿದ.

ಆ ಪ್ರೀತಿ ಕಂಡು ಶಿವರಾಜನಿಗೆ ಇನ್ನಷ್ಟು ನಾಚಿಕೆಯಾಯಿತು. ಎಲ್ಲ ಗೊತ್ತಿದ್ದೂ ಇಷ್ಟು ಒಳ್ಳೆಯವರಾಗಿರಲು ಇವರಿಗೆ ಹೇಗೆ ಸಾಧ್ಯ ಅಂದುಕೊಂಡ. ಜೋಡಿಸಿಟ್ಟ ಮಾತನ್ನು ತಡೆಯಲಾಗಲಿಲ್ಲ.

“ಮಾಮ, ಸೌಂದರ್ಯ ಬರೆದಿದ್ದು ಓದಿದೆ. ಅಪ್ಪ ನಿಮ್ಮ ಏಳೂ ಜನರ ಹೆಸರು ಹೇಳಿದ್ದು ತಪ್ಪೇ. ಅವನ ಪರವಾಗಿ ನಾನು ಕ್ಷಮೆ ಕೇಳ್ತೀನಿ. ಅದನ್ನ ನಾಲ್ಕು ಜನರ ಮುಂದೆ ತರಬೇಡಿ.”

ಸೌಂದರ್ಯ ಒಳಗಿನಿಂದ ಬಂದು, ತಾನು ಏನನ್ನೂ ಬರೆದಿಲ್ಲ, ಯಾವ ಬಳಗವೂ ತನಗೆ ಗೊತ್ತಿಲ್ಲ ಅಂದಳು.

“ಏಕಾಂತಪ್ಪನಾ?” ಸಿದ್ದಯ್ಯ ಕೇಳಿದ. ಆಮೇಲೆ ಮತ್ತೆ, “ಏಕಾಂತಪ್ಪ ಹೇಳಿದ್ನಾ?”

ಇಪ್ಪತ್ತೊಂದು ವರ್ಷ ಸಿದ್ದಯ್ಯ ಬೇರೊಬ್ಬನ ಮೇಲೆ ಆ ತಪ್ಪು ಹೊರಿಸಿಕೊಂಡು ಬಂದಿದ್ದ. ಅವನು ಹಾಲಸ್ವಾಮಿ, ಅದೇ ಕಾರ್ಖಾನೆಯವನು, ಸಾವಿತ್ರಮ್ಮನ ತಮ್ಮ. ಅವನೊಂದಿಗೆ ಮಾತು ಬಿಟ್ಟು, ಅವನು ಮನೆಗೆ ಬರುವುದನ್ನು ನಿಲ್ಲಿಸಿ, ಹಬ್ಬಕ್ಕೂ ಹೆಂಡತಿಯನ್ನು ತವರಿಗೆ ಕಳಿಸದೆ ಬದುಕಿದ್ದ. ಹಾಲಸ್ವಾಮಿ ಸತ್ತು ಎರಡು ವರ್ಷವಾಗಿತ್ತು.

ಸಾವಿತ್ರಮ್ಮ ಟೀ ಲೋಟ ಹಿಡಿದು ಬಾಗಿಲಲ್ಲಿ ನಿಂತಿದ್ದಳು. ಎಲ್ಲ ಕೇಳಿಸಿಕೊಂಡಿದ್ದಳು.

“ಅವನ ಮಣ್ಣಿಗೂ ಕಳಿಸ್ಲಿಲ್ಲ ನೀವು ನನ್ನ,” ಅಂದಳು ಗಂಡನಿಗೆ. ದನಿ ಏರಿಸಲಿಲ್ಲ. ಅವಳು ಲೋಟವನ್ನು ಶಿವರಾಜನ ಕೈಗೆ ಕೊಟ್ಟು, “ಕುಡಿಯಪ್ಪ, ತಣ್ಣಗಾಗ್ತದೆ” ಅಂದಳು. ಅವಳು ಅಲ್ಲೇ ನಿಂತಿದ್ದರಿಂದ ಅವನು ಅದನ್ನು ಪೂರ್ತಿ ಕುಡಿಯಬೇಕಾಯಿತು.

ಮಧ್ಯಾಹ್ನ ಮನೆಗೆ ಬಂದಾಗ ಅಪ್ಪ ಗಡ್ಡ ಬೋಳಿಸಿಕೊಂಡು ಕೂತಿದ್ದ. ಇಸ್ತ್ರಿ ಮಾಡಿಸಿದ ಬಿಳಿ ಅಂಗಿ ಗೋಡೆಯ ಮೊಳೆಗೆ ನೇತಾಡುತ್ತಿತ್ತು.

“‘ನೆರಳಿನ ಕೆಲಸ’ಕ್ಕೆ ಎಷ್ಟು ಕೊಟ್ಟೆ?” ಎಂದು ಕೇಳಿದ.

ಆ ಹೆಸರನ್ನು ಶಿವರಾಜ್ ಮನೆಯಲ್ಲಿ ಯಾರ ಮುಂದೆಯೂ ಎತ್ತಿರಲಿಲ್ಲ.

ಅಪ್ಪ ನೆಲ ನೋಡುತ್ತ ಎಲ್ಲ ಹೇಳಿದ. ಹಳೇ ಕ್ಯಾಲೆಂಡರಿನ ಹಿಂದೆ ಪೆನ್ಸಿಲಿನಲ್ಲಿ ಬರೆದಿದ್ದನಂತೆ. ಸರ್ಕಲ್ಲಿನ ಸೈಬರ್ ಸೆಂಟರಿನ ಶೀತಲ್ ಎಂಬ ಹುಡುಗಿ ಅದನ್ನು ಟೈಪ್ ಮಾಡಿ, ಅವನ ಹೆಸರಲ್ಲಿ ಒಂದು ಇ-ಮೇಲ್ ತೆರೆದು ಕಳಿಸಿದಳಂತೆ. ಪದ ಜಾಸ್ತಿಯಾಗಿದ್ದವು, ಅವಳು ಕೂತು ಎಣಿಸಿ ಮೂವತ್ತು ತೆಗೆಸಿದಳು.

“ಬಾಯಲ್ಲಿ ಹೇಳೋಕೆ ನನ್ನ ಕೈಲಿ ಆಗ್ಲಿಲ್ಲ ಕಣೋ. ಎಲ್ಲದಕ್ಕೂ ಎರಡು ಸಾಲು ಬರೀಲೇಬೇಕು ಅಂತಿದ್ಯಲ್ಲ, ಇದಕ್ಕೂ ಏನಾದ್ರೂ ಬರೀತೀಯ ಅಂದ್ಕೊಂಡೆ. ಬೈದಿದ್ರೂ ಆಗ್ತಿತ್ತು. ನಾಳೆ ಸಿದ್ದಯ್ಯನ ಮನೆಗೆ ಹೋಗ್ತೀನಿ. ಅವನಿಗೆ ನನ್ನ ಬಾಯಿಂದಾನೇ ಗೊತ್ತಾಗ್ಬೇಕು.”

ಶಿವರಾಜ್ ಬಾಗಿಲಿಗೆ ಒರಗಿ ನಿಂತ. ಸುಳ್ಳು ಹೇಳಬಹುದಿತ್ತು. ಆದರೆ ನಾಳೆ ಬಸ್ಸು ಇಳಿದು ಅಪ್ಪ ಆ ಬಾಗಿಲು ತಟ್ಟುತ್ತಾನೆ.

“ನಾನು ಬೆಳಿಗ್ಗೆ ಅಲ್ಲಿಗೇ ಹೋಗಿದ್ದೆ. ಅವರೇ ಬರೆದಿದ್ದು ಅಂದ್ಕೊಂಡು ಹೇಳ್ಬಿಟ್ಟೆ.”

ಸಾವಿತ್ರಮ್ಮ ಇದ್ದಳಾ ಎಂದು ಅಪ್ಪ ಕೇಳಿದ. ಇದ್ದರು ಅಂದ ಶಿವರಾಜ್. ಏನಂದಳು ಎಂದು ಕೇಳಿದ. ಟೀ ಕೊಟ್ಟರು ಅಂದ.

ಅಪ್ಪ ಎದ್ದು ಮೊಳೆಯಿಂದ ಅಂಗಿ ತೆಗೆದ. ಹಾಸಿಗೆಯ ಮೇಲೆ ಹರವಿ, ಇಸ್ತ್ರಿಯ ಗೆರೆ ಕೆಡದಂತೆ ತೋಳು ಮಡಚತೊಡಗಿದ. ಶಿವರಾಜ್ ಏನಾದರೂ ಕೇಳಬೇಕೆಂದು, ತೆಗೆದುಹಾಕಿದ ಆ ಮೂವತ್ತು ಪದಗಳಲ್ಲಿ ಏನಿತ್ತು ಎಂದು ಕೇಳಿದ.

“ಯಾಕೆ ಹೇಳ್ದೆ ಅನ್ನೋದು ಇತ್ತು.”

“ಯಾಕೆ ಅಪ್ಪ?”

ಏಕಾಂತಪ್ಪ ಮಡಚಿದ ಅಂಗಿಯನ್ನು ಟ್ರಂಕಿನಲ್ಲಿಟ್ಟು ಮುಚ್ಚಳ ಹಾಕಿದ.

“ಅದನ್ನ ಸಿದ್ದಯ್ಯನಿಗೆ ಹೇಳೋಕೆ ಅಂತ ಇಟ್ಕೊಂಡಿದ್ದೆ,” ಅಂದ.